ಜೊಯಿಡಾದ ಕಾಡು ಮತ್ತು ವಿದ್ಯುತ್ತಿನ ಹಾದಿ

ಧಾರವಾಡದ ಬಳಿಯ ನರೇಂದ್ರದಿಂದ ಗೋವೆಯ ಶೆಲ್ಡೆಮ್‌ವರೆಗೆ 400 ಕಿಲೋವೋಲ್ಟಿನ ವಿದ್ಯುನ್ಮಾರ್ಗವೊಂದನ್ನು ಯೋಜಿಸಿದಾಗ, ಅದಕ್ಕಾಗಿ ಸಹ್ಯಾದ್ರಿಯ ಕಾಡನ್ನು ಕಡಿಯಬೇಕೆ ಎಂಬ ವಾದವೆದ್ದಿತು. ಇಷ್ಟೊಂದು ವೋಲ್ಟೇಜು ಏತಕ್ಕೆಂಬುದನ್ನು ನಾವು ಮೊದಲು ನೋಡೋಣ. ವೋಲ್ಟೇಜನ್ನು ಇಮ್ಮಡಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಅರ್ಧ ಪ್ರವಾಹ ಸಾಕು. ತಂತಿ ಕಾಯ್ದು ಆಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಕಾಲುಭಾಗಕ್ಕಿಳಿಯುವುದು. ಲಾಭವೇನೋ ಸಣ್ಣದಲ್ಲ. ಆದರೆ ಕೊಂಬೆಯು ತಾಗದೆ ಹತ್ತಿರ ಬಂದರೂ ಕಿಡಿ ಹಾರುವುದರಿಂದ, ತಂತಿಯ ಅಡಿಯಲ್ಲಿ ಸುಮಾರು 46 ಮೀಟರ್ ಅಗಲದ ಪಟ್ಟಿಯು ಬೇಕು, ಕಿಲೋಮೀಟರಿಗೆ 4.6 ಹೆಕ್ಟೇರ್! 220 ಕಿಲೋವೋಲ್ಟಿಗಾದರೆ 35 ಮೀಟರ್ ಸಾಕು. ಅಂತಹ ಹಳೆಯ ಮಾರ್ಗವೊಂದು ದಾಂಡೇಲಿಯ ಸಮೀಪದ ಅಂಬೇವಾಡಿಯಿಂದ ಜೊಯಿಡಾದ ಕಾಡನ್ನು ಹಾದು ಗೋವೆಯ ಫೋಂಡಾಕ್ಕೆ ಹೋಗಿದೆ. ಗೋವೆಯ ಕಾಡಿನಲ್ಲಿ ಹೊಸ ಪಟ್ಟಿಯನ್ನು ಕಡಿಯದೆ ಈ ಹಾದಿಯನ್ನೇ ಬಳಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಮಿತಿಯು 2021ರಲ್ಲಿ ಸಲಹೆಯಿತ್ತಿತು. ಅಲ್ಲಿ ಕಡಿತದ ಬಹುಭಾಗವು ಹಿಂದೆಯೇ ಆಗಿಹೋಗಿದೆಯಷ್ಟೆ.