ಮೊದಲು ಫಲ ಯೋಚಿಸೋಣ, ಆಮೇಲೆ ಕೆಲಸ ಹಿಡಿಯೋಣ



ನಾವು ದಿನಾಲೂ ರೊಟ್ಟಿ ಬಡಿಯುತ್ತೇವೆ. ಅದಕ್ಕೆ ಜೋಳದ ಹಿಟ್ಟು ಬೇಕು. ನೀರು ಬೇಕು. ಕಟ್ಟಿಗೆ ಬೇಕು. ಹಿಟ್ಟು ನಾದುತ್ತೇವೆ, ಬಡಿಯುತ್ತೇವೆ, ಹಂಚಿನ ಮೇಲೆ ಬೇಯಿಸುತ್ತೇವೆ. ಬುಟ್ಟಿ ತುಂಬ ರೊಟ್ಟಿ ಆಗುತ್ತವೆ.

ಅಷ್ಟಕ್ಕೇ ಮುಗಿಯಿತೆ? ಇಲ್ಲ. ಮನೆಯವರ ಹೊಟ್ಟೆ ತುಂಬಬೇಕು. ರೊಟ್ಟಿ ಬಡಿದದ್ದು ಅದಕ್ಕಾಗಿಯೇ ಅಲ್ಲವೆ?

ಮನೆಯಲ್ಲಿ ಹಲ್ಲಿಲ್ಲದ ಆಯಿ ಇದ್ದಾಳೆ ಅನ್ನೋಣ. ಬುಟ್ಟಿ ತುಂಬ ಖಡಕ್ ರೊಟ್ಟಿ ಇದ್ದರೂ ಆಯಿಯ ಹೊಟ್ಟೆ ಖಾಲಿ. ಆಕೆಗೆ ನುಚ್ಚು-ಮಜ್ಜಿಗೆ ಬೇಕು. "ಆಯೀ, ನಿನಗ ಏನ ಮಾಡ್ಲಿ?" ಎಂದು ಮೊದಲೇ ಕೇಳಿದ್ದರೆ ಗೊತ್ತಾಗುತ್ತಿತ್ತು.

ಹಿಟ್ಟು, ಕಟ್ಟಿಗೆ ನಮ್ಮ ಖರ್ಚು. ಬಡಿಯುವುದು ಕೆಲಸ. ಬುಟ್ಟಿಯಲ್ಲಿರುವ ರೊಟ್ಟಿ ಕೆಲಸದಿಂದ ಬಂದ ವಸ್ತು. ಹೊಟ್ಟೆ ತುಂಬಿದ್ದು ಫಲ.

ಊರಿನ ಕೆಲಸವೂ ಹೀಗೆಯೇ. ರಸ್ತೆ, ಗಟಾರ, ನಳ, ಶೌಚಾಲಯ, ಎಲ್ಲವೂ ಬುಟ್ಟಿಯ ರೊಟ್ಟಿ ಇದ್ದಂತೆ. ಅವುಗಳಿಂದ ಯಾರ ಬಾಳಿನಲ್ಲಿ ಏನು ಬದಲಾಯಿತು? ಅದೇ ಫಲ.

ಲೆಕ್ಕ ಒಂದು, ಬಾಳು ಇನ್ನೊಂದು

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಯೋಜನೆ ಶುರುವಾಯಿತು. ಮನೆಗೊಂದು ಶೌಚಾಲಯ ಕಟ್ಟಿಸಲು 12,000 ರೂಪಾಯಿ ಸಹಾಯಧನ ಬಂತು. ಬಹಳ ಮನೆಗಳಿಗೆ ಅನುಕೂಲವಾಯಿತು. ಕತ್ತಲಾಗುವ ತನಕ ಹೊಟ್ಟೆ ಹಿಡಿದುಕೊಂಡು ಕೂಡುವ ಕಷ್ಟ ತಪ್ಪಿತು.

ಆದರೆ ಕೆಲವು ಕಡೆ ಶೌಚಾಲಯದೊಳಗೆ ಕುಳ್ಳು, ಕಟ್ಟಿಗೆ ತುಂಬಿಟ್ಟರು. ಯಾಕೆ? ಎಲ್ಲೋ ನೀರು ದೂರ. ಎಲ್ಲೋ ಬಾಗಿಲು ಭದ್ರ ಇಲ್ಲ. ಎಲ್ಲೋ ಗುಂಡಿ ಸಣ್ಣದು, ಬೇಗ ತುಂಬುತ್ತದೆ ಎಂಬ ಅಂಜಿಕೆ. ಎಲ್ಲೋ ಮೊಣಕಾಲು ನೋವಿನ ಮುದುಕಿಗೆ ಕೂತು ಏಳಲು ಹಿಡಿಕೆ ಇಲ್ಲ.

ಲೆಕ್ಕದ ಪುಸ್ತಕದಲ್ಲಿ ಇವೂ ಕಟ್ಟಿ ಮುಗಿದ ಶೌಚಾಲಯಗಳೇ. ಆದರೆ ಆ ಮನೆಯ ಹೆಂಗಸರು ಇನ್ನೂ ಚೊಂಬು ಹಿಡಿದು ಹೊರಗೇ ಹೋಗುತ್ತಾರೆ. ವಸ್ತು ಬಂತು, ಫಲ ಬರಲಿಲ್ಲ.

ಕಟ್ಟುವ ಮೊದಲು ಆ ಮನೆಯ ಸೊಸೆಯನ್ನು ಕೇಳಬೇಕಿತ್ತು. ಮುದುಕಿಯನ್ನು ಕೇಳಬೇಕಿತ್ತು. ಬಳಸುವವರು ಅವರೇ ತಾನೆ?

ಮಲಪ್ರಭೆ ಹೇಳುವ ಮಾತು

ಇದು ಸಣ್ಣ ಕೆಲಸದ ಮಾತಾಯಿತು. ದೊಡ್ಡ ಕೆಲಸದಲ್ಲೂ ಹೀಗೆ ಆಗುತ್ತದೆ.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ನಮ್ಮ ಭಾಗದಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಆ ಹೊಳೆಗೆ ಅಣೆಕಟ್ಟು ಕಟ್ಟಿದರು. 1970ರ ದಶಕದ ಮೊದಲ ವರ್ಷಗಳಲ್ಲಿ ಅದು ಮುಗಿಯಿತು. ಅದರ ನೀರಿಗೆ ರೇಣುಕಾಸಾಗರ ಎಂದು ಹೆಸರು. ಹುಬ್ಬಳ್ಳಿ-ಧಾರವಾಡದ ಜನ ಇದೇ ನೀರು ಕುಡಿಯುತ್ತಾರೆ. ನರಗುಂದ, ನವಲಗುಂದದ ಕಡೆಯ ಎರೆಹೊಲಗಳಿಗೆ ಕಾಲುವೆಯಲ್ಲಿ ನೀರು ಹರಿಯಿತು. ಇದು ಅಣೆಕಟ್ಟಿನಿಂದ ಆದ ಒಳಿತು.

ಆದರೆ ಎಲ್ಲರ ಹೊಲಕ್ಕೂ ನೀರು ಮುಟ್ಟಲಿಲ್ಲ. ಕಾಲುವೆಯ ಕೊನೆಯ ಹೊಲದವರು ನೀರಿನ ದಾರಿ ಕಾಯುತ್ತ ಕುಳಿತರು. ಅಷ್ಟರಲ್ಲಿ ಹತ್ತಿಯ ಬೆಲೆ ಬಿತ್ತು. ಸರಕಾರ ಮಾತ್ರ ನೀರಿನ ಕರ ಕೇಳಿತು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ ಎಂದು ಅಭಿವೃದ್ಧಿ ಕರವನ್ನೂ ಹಾಕಿತು. "ನೀರು ಬರಲಾರದ ಹೊಲಕ್ಕ ಎಂಥಾ ಕರ?" ಎಂದು ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಅದೇ ವರ್ಷ.

ಕಾಲುವೆ ಎಷ್ಟು ಮೈಲು ತೋಡಿದರು ಎಂಬುದು ಕೆಲಸದ ಲೆಕ್ಕ. ಕೊನೆಯ ಹೊಲಕ್ಕೆ ನೀರು ಮುಟ್ಟಿತೆ, ಆ ರೈತನ ಕೈಗೆ ನಾಲ್ಕು ಕಾಸು ಉಳಿಯಿತೆ ಎಂಬುದು ಫಲದ ಲೆಕ್ಕ. ಎರಡನೆಯ ಲೆಕ್ಕ ಮರೆತರೆ ಇಂಥ ನೋವು ಬರುತ್ತದೆ.

ಒಂದೇ ಅಳತೆಯ ಕುಬಸ

ಒಂದೇ ಅಳತೆಯ ಕುಬಸ ಎಲ್ಲರ ಮೈಗೂ ಬರುವುದಿಲ್ಲ. ಹಾಗೆಯೇ ಒಂದೇ ಯೋಜನೆ ಎಲ್ಲ ಊರಿಗೂ ಹೊಂದುವುದಿಲ್ಲ.

ಕಿತ್ತೂರಿನ ಪಶ್ಚಿಮ ಭಾಗದಲ್ಲಿ ಮಳೆ ಹೆಚ್ಚು. ಅಲ್ಲಿ ಭತ್ತ ಬೆಳೆಯುತ್ತಾರೆ. ಬೈಲಹೊಂಗಲದಲ್ಲಿ ಎರೆಭೂಮಿ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಕಾಲು ಹೂಳುತ್ತದೆ. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡ ಇದೆ. ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ದಾರಿಯ ಊರುಗಳಿಗೆ ನೀರು, ಶೌಚಾಲಯ, ಕಸದ ಚಿಂತೆ. ರಾಮದುರ್ಗದಲ್ಲಿ ಮಳೆ ಕಡಿಮೆ. ಆದರೂ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದು ನೇಕಾರರ ಮನೆಗಳಿಗೂ ನೀರು ನುಗ್ಗಿತು. ಮಗ್ಗ ನೆನೆದರೆ ನೇಕಾರರ ಒಲೆಯೂ ಆರುತ್ತದೆ.

ಒಂದೇ ಊರಿನಲ್ಲೂ ಎಲ್ಲರ ಗರಜು ಒಂದೇ ಅಲ್ಲ. ಹೊಲ ಇದ್ದವರ ಗರಜು ಬೇರೆ. ಕೂಲಿಗೆ ಹೋಗುವವರ ಗರಜು ಬೇರೆ. ಬಸುರಿಯದು ಬೇರೆ, ಸಾಲಿಗೆ ಹೋಗುವ ಹುಡುಗಿಯದು ಬೇರೆ, ಕಣ್ಣು ಕಾಣದವರದು ಬೇರೆ. ಒಂದು ಕೆಲಸದ ಒಳಿತು-ಕೆಡುಕು ಯಾರಿಗೆ ತಟ್ಟುತ್ತದೆಯೋ ಅವರೆಲ್ಲ ಆ ಕೆಲಸಕ್ಕೆ ಸಂಬಂಧಪಟ್ಟವರು. ಅವರನ್ನು ಕೇಳದೆ ಯೋಜನೆ ಮಾಡಬಾರದು.

ಟಾಕಿ ಬೇಕೋ, ನೀರು ಬೇಕೋ?

ಒಂದು ಊರು ಇದೆ ಎಂದು ತಿಳಿಯೋಣ. ಅಲ್ಲಿ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದಾರೆ. ಪಂಚಾಯಿತಿ ಮೆಂಬರ್ ಆದ ಅಕ್ಕನೂ ಇದ್ದಾಳೆ. ಅವರ ಮಾತು ಓದೋಣ.

ಮೆಂಬರ್: "ಈ ವರ್ಷ ನಮ್ಮ ಓಣಿಗೆ ಇನ್ನೊಂದು ನೀರಿನ ಟಾಕಿ ಕಟ್ಟಸೂಣು ಅಂತೀನ್ರೆವಾ. ಗುಡಿ ಮುಂದ ಜಾಗಾ ಐತಿ."

ಸೊಸೆ: "ಕಟ್ಟಸ್ರಿ ಅಕ್ಕಾರ, ಛಲೋನ ಆತು. ಆದರ ನೀರು ಯಾವಾಗ ಬಿಡತಾರ? ಈಗ ಹನ್ನೊಂದಕ್ಕ ಬಿಡತಾರ. ಆವಾಗ ನಾವು ಹೊಲದಾಗ ಇರತೀವ್ರಿ."

ಆಯಿ: "ನಮ್ಮದು ಕಡೀ ಮನಿ ಯವ್ವಾ. ನಳ ಐತಿ, ನೀರಿಲ್ಲ. ಮ್ಯಾಲಿನ ಮನಿಯವರು ಹಿಡಿಯೂತನಕ ನಮಗ ಹನಿ ಬರೂದಿಲ್ಲ."

ಇನ್ನೊಬ್ಬ ತಾಯಿ: "ನೀರು ತುಂಬಾಕಂತ ಮಗಳನ್ನ ವಾರದಾಗ ಎರಡ ದಿನ ಸಾಲಿ ಬಿಡಸ್ತೀನ್ರಿ. ಏನ ಮಾಡೂದು?"

ಆಗ ನೀರಗಂಟಿಯನ್ನೂ ಕರೆದು ಕೇಳಿದರು.

ನೀರಗಂಟಿ: "ಟಾಕ್ಯಾಗ ನೀರು ಐತ್ರಿ ಅಕ್ಕಾರ. ಈ ಓಣಿ ವಾಲ್ವ್ ಕೆಟ್ಟೈತಿ. ಅದನ್ನ ಸರಿ ಮಾಡಿಸಿದರ ಕಡೀ ಮನಿಗೂ ಹೋಗತೈತಿ. ರಾತ್ರಿ ಕರೆಂಟ್ ಇದ್ದಾಗ ಟಾಕಿ ತುಂಬಿಸಿದರ ಮುಂಜಾನೆ ಆರಕ್ಕ ಬಿಡಬಹುದು."

ನೋಡಿದಿರಾ? ಮಾತು ಟಾಕಿಯಿಂದ ಶುರುವಾಯಿತು. ನಾಲ್ಕು ಜನರನ್ನು ಕೇಳಿದ ಮೇಲೆ ನಿಜವಾದ ಗರಜು ತಿಳಿಯಿತು. ಅವರಿಗೆ ಬೇಕಾದದ್ದು ಇನ್ನೊಂದು ಟಾಕಿ ಅಲ್ಲ. ಹೊಲಕ್ಕೆ ಹೋಗುವ ಮೊದಲು ಕೊನೆಯ ಮನೆಗೂ ನೀರು ಬರಬೇಕು. ಮಗಳು ಸಾಲಿ ಬಿಡಬಾರದು. ಅದಕ್ಕೆ ವಾಲ್ವ್ ದುರಸ್ತಿ ಸಾಕು. ಉಳಿದ ಹಣ ಬೇರೆ ಕೆಲಸಕ್ಕೆ ಬಂತು.

ಆಯಿಯನ್ನು ಯಾರೂ ಕೇಳದಿದ್ದರೆ? ಟಾಕಿ ಏಳುತ್ತಿತ್ತು. ಆಯಿಯ ಕೊಡ ಖಾಲಿಯೇ ಇರುತ್ತಿತ್ತು.

ನಮ್ಮ ಹಕ್ಕು ಎಷ್ಟು ಕೊಡ?

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಪ್ರಕಟವಾಯಿತು. ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂದೂ ಹೆಸರು. ಇದರಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಮನೆಯ ನಳದಲ್ಲಿ ಬರಬೇಕು ಎಂದಿದೆ.

ಲೆಕ್ಕ ಹಾಕೋಣ. ಮನೆಯಲ್ಲಿ 5 ಜನ. 5 x 55 = 275 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿಯುತ್ತದೆ ಅನ್ನೋಣ. ಆಗ ದಿನಕ್ಕೆ 18 ಕೊಡಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಮನೆಗೆ ಎಷ್ಟು ಕೊಡ ಬರುತ್ತದೆ? ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಒಂದು ವಾರ ಎಣಿಸಿ.

ಊರಿನ ನೀರಿನ ಕೆಲಸ ನೋಡಿಕೊಳ್ಳಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಅದರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ಪರೀಕ್ಷೆ ಮಾಡಲು ಊರಿನ 5 ಜನ ಹೆಂಗಸರಿಗೆ ತರಬೇತಿ ಕೊಡಬೇಕು. ನಿಮ್ಮ ಊರಿನಲ್ಲಿ ಆ ಐದು ಜನ ಯಾರು? ಕೇಳಿ ತಿಳಿಯಿರಿ.

ಐದು ಪ್ರಶ್ನೆ, ಐದು ಬೆರಳು

ಯಾವುದೇ ಕೆಲಸ ಹಿಡಿಯುವ ಮೊದಲು ಈ ಐದು ಪ್ರಶ್ನೆ ಕೇಳೋಣ. ಬೆರಳು ಮಡಚುತ್ತ ನೆನಪಿಡೋಣ.

1. ತೊಂದರೆ ಯಾರಿಗೆ? ಎಲ್ಲರಿಗಿಂತ ಹೆಚ್ಚು ಯಾರಿಗೆ?

2. ಏನು ಬದಲಾಗಬೇಕು? ಎಷ್ಟು? ಯಾವಾಗಿನೊಳಗೆ? "ನೀರು ಛಲೋ ಬರಬೇಕು" ಎಂದರೆ ಸಾಲದು. "ಯುಗಾದಿಯೊಳಗೆ ಕೊನೆಯ ಮನೆಗೂ ಮುಂಜಾನೆ 7ರೊಳಗೆ 18 ಕೊಡ ನೀರು ಬರಬೇಕು" ಎಂದು ಬರೆಯಬೇಕು.

3. ಯಾರನ್ನು ಕೇಳಬೇಕು? ಸಭೆಗೆ ಬರಲು ಆಗದವರ ಮನೆಗೆ ಯಾರು ಹೋಗಬೇಕು?

4. ಅದಕ್ಕೆ ಯಾವ ಕೆಲಸ ಬೇಕು? ಹಣ ಎಷ್ಟು? ಮುಂದೆ ಕೆಟ್ಟರೆ ರಿಪೇರಿ ಯಾರದು?

5. ಬದಲಾಯಿತು ಎಂದು ಹೇಗೆ ತಿಳಿಯುವುದು? ಇವತ್ತು ಎಷ್ಟಿದೆ ಎಂದು ಮೊದಲೇ ಬರೆದಿಡಬೇಕು. ಆರು ತಿಂಗಳಿಗೆ ಮತ್ತೆ ಎಣಿಸಬೇಕು. ಬದಲಾಗಿರದಿದ್ದರೆ ಯಾಕೆ ಎಂದು ಕೂತು ಮಾತಾಡಬೇಕು. ಕೆಲಸದ ದಾರಿ ಬದಲಿಸಬೇಕು.

ಕೆಲವರು ಮೊದಲು ನಾಲ್ಕನೆಯ ಬೆರಳು ಹಿಡಿಯುತ್ತಾರೆ. "ಹಣ ಬಂದೈತಿ, ಏನಾರ ಕಟ್ಟಸೂಣು" ಎನ್ನುತ್ತಾರೆ. ನಾವು ಮೊದಲನೆಯ ಬೆರಳಿನಿಂದಲೇ ಶುರು ಮಾಡೋಣ.

ಎಲ್ಲಿ ಹೇಳಬೇಕು?

1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಸಭೆಗೆ ಜಾಗ ಇದೆ. ಮತದಾರರ ಪಟ್ಟಿಯಲ್ಲಿ ಹೆಸರು ಇದ್ದವರೆಲ್ಲ ಅದರ ಸದಸ್ಯರು. ಅಂದರೆ ನಾವೂ ಸದಸ್ಯರೇ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಇವು ನಡೆಯಬೇಕು. ಸಭೆಗೆ ಬಂದ 10 ಜನರಲ್ಲಿ 3 ಜನರಾದರೂ ಹೆಂಗಸರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಊರಿನ ವರ್ಷದ ಯೋಜನೆಗೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎನ್ನುತ್ತಾರೆ. ಅದರಲ್ಲಿ ನಮ್ಮ ಮಾತು ಸೇರಬೇಕಾದರೆ ಸಭೆಯಲ್ಲಿ ಹೇಳಬೇಕು.

2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಕುರ್ಚಿ ಸಿಕ್ಕಿತು. ಇನ್ನು ಕೇಳುವ ಮಾತೂ ನಮ್ಮದೇ ಆಗಬೇಕು.

ಒಬ್ಬಳೇ ಎದ್ದು ನಿಂತರೆ ಗಂಟಲು ಒಣಗುತ್ತದೆ. ಓಣಿಯ ಹತ್ತು ಜನ ಕೂಡಿ ಹೋದರೆ ಧೈರ್ಯ ಬರುತ್ತದೆ. ಮೊದಲೇ ಸಂಘದಲ್ಲಿ ಕೂತು ಮಾತಾಡಿ, ಕಾಗದದಲ್ಲಿ ಬರೆದುಕೊಂಡು ಹೋಗೋಣ. ಅರ್ಜಿ ಕೊಟ್ಟರೆ ಅದಕ್ಕೆ ಸ್ವೀಕೃತಿ ಪತ್ರ ಕೇಳೋಣ. ಸಭೆಯ ನಡಾವಳಿ ಪುಸ್ತಕದಲ್ಲಿ ನಮ್ಮ ಮಾತು ಬರೆದಿದ್ದಾರೆಯೇ ನೋಡೋಣ. ಹಿಂದೆ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದಲು ಬರುತ್ತದೆ. ಮೊದಲು ಓದೋಣ, ಆಮೇಲೆ ಸಹಿ ಮಾಡೋಣ.

ಅರ್ಜಿ ಹೀಗೆ ಬರೆಯಬಹುದು:

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ,
ನಮ್ಮ ಓಣಿಯ 12 ಮನೆಗಳಲ್ಲಿ ಕೊನೆಯ 4 ಮನೆಗಳಿಗೆ ದಿನಕ್ಕೆ 6 ಕೊಡ ನೀರು ಮಾತ್ರ ಬರುತ್ತದೆ. ನೀರು ಬಿಡುವ ಹೊತ್ತಿಗೆ ನಾವು ಕೂಲಿಗೆ ಹೋಗಿರುತ್ತೇವೆ. ಯುಗಾದಿಯೊಳಗೆ ಈ 4 ಮನೆಗಳಿಗೂ ಮುಂಜಾನೆ 7ರೊಳಗೆ ಸಾಕಷ್ಟು ನೀರು ಬರಬೇಕು. ವಾಲ್ವ್ ದುರಸ್ತಿ ಮಾಡಿಸಿ, ನೀರು ಬಿಡುವ ಹೊತ್ತು ಬದಲಿಸಬೇಕೆಂದು ವಿನಂತಿ. ಆರು ತಿಂಗಳ ನಂತರ ನಾವೇ ಕೊಡ ಎಣಿಸಿ ಮುಂದಿನ ಸಭೆಯಲ್ಲಿ ತಿಳಿಸುತ್ತೇವೆ.
ಓಣಿಯ ಮಹಿಳೆಯರ ಸಹಿಗಳು

ಓದಿ, ಮಾತಾಡಿ, ಬರೆಯಿರಿ

1. ಕೆಲಸ ಮುಗಿಯುವುದಕ್ಕೂ ಫಲ ಸಿಗುವುದಕ್ಕೂ ಏನು ವ್ಯತ್ಯಾಸ? ನಿಮ್ಮ ಊರಿನ ಒಂದು ಉದಾಹರಣೆ ಹೇಳಿ.

2. ನಿಮ್ಮ ಊರಿನಲ್ಲಿ ಕಟ್ಟಿಸಿ ಬಳಸದೆ ಬಿಟ್ಟದ್ದು ಏನಾದರೂ ಇದೆಯೆ? ಯಾಕೆ ಬಿಟ್ಟರು? ಯಾರನ್ನು ಕೇಳಬೇಕಿತ್ತು?

3. ಮನೆಯಲ್ಲಿ 7 ಜನ ಇದ್ದರೆ ದಿನಕ್ಕೆ ಎಷ್ಟು ಲೀಟರ್ ನೀರು ಬರಬೇಕು? ಎಷ್ಟು ಕೊಡ ಆಗುತ್ತದೆ?

4. ಮುಂದಿನ ಗ್ರಾಮ ಸಭೆ ಯಾವಾಗ? ಪಂಚಾಯಿತಿಯಲ್ಲಿ ಕೇಳಿ ದಿನಾಂಕ ಇಲ್ಲಿ ಬರೆಯಿರಿ: ............

5. ನಿಮ್ಮ ಓಣಿಯಲ್ಲಿ ಸಭೆಗೆ ಬರಲು ಆಗದವರು ಯಾರು ಯಾರು? ಸಭೆಗೆ ಮೊದಲು ಅವರ ಮನೆಗೆ ಹೋಗಿ ಅವರ ಮಾತು ಕೇಳಿ ಬರೆದುಕೊಳ್ಳಿ.

ಈ ಪದಗಳನ್ನು ನೋಡಿ ಬರೆಯಿರಿ: ಫಲ, ಯೋಜನೆ, ಸಂಬಂಧಪಟ್ಟವರು, ಗ್ರಾಮ ಸಭೆ, ನಡಾವಳಿ, ಸ್ವೀಕೃತಿ, ಸಮಿತಿ.