ಎಂಟ್ರೆಂಚ್: ಬೇರೂರುವುದಲ್ಲ, ಕಂದಕ ತೋಡಿ ಕೂರುವುದು

ಕಳೆದ ವರ್ಷ ರಾಜ್ಯೋತ್ಸವದ ಖರ್ಚಿಗೆ ಹಣ ಕೇಳಿ ನಾವು ವಿದ್ಯಾರ್ಥಿ ಯೂನಿಯನ್‌ಗೆ ಒಂದು ಅರ್ಜಿ ಬರೆದೆವು. 'ನಮ್ಮ ಸಂಘ ಈ ಕ್ಯಾಂಪಸ್ಸಿನಲ್ಲಿ ಆಳವಾಗಿ ಬೇರೂರಿದೆ' ಅಂತ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಸ್ವಲ್ಪ ತೂಕದ ಪದ ಇರಲಿ ಎಂದು 'ಡೀಪ್ಲಿ ಎಂಟ್ರೆಂಚ್ಡ್' ಎಂದು ಹಾಕಿದೆವು. ಅರ್ಜಿ ವಾಪಸ್ ಬಂದಾಗ ಆ ಸಾಲಿನ ಪಕ್ಕ ಎರಡೇ ಪದಗಳ ಕಾಮೆಂಟ್ ಇತ್ತು: 'ಅಗೇನ್ಸ್ಟ್ ಹೂಮ್?' ಅಂದರೆ, ಯಾರ ವಿರುದ್ಧ?

ಮೊದಲು ನಮಗೆ ಅರ್ಥವೇ ಆಗಲಿಲ್ಲ. ಡಿಕ್ಷನರಿಯಲ್ಲಿ 'ಗಟ್ಟಿಯಾಗಿ ಸ್ಥಾಪಿಸು, ನೆಲೆಯೂರಿಸು' ಅಂತ ಇದೆಯಲ್ಲ, ತಪ್ಪೇನು? ಅರ್ಥ ತಪ್ಪಿರಲಿಲ್ಲ. ಆ ಪದದೊಳಗೆ ಇರುವ ಚಿತ್ರವನ್ನು ನಾವು ನೋಡಿರಲಿಲ್ಲ.

ಪದವನ್ನು ಬಿಡಿಸಿದರೆ ಸಿಗುವುದು 'ಟ್ರೆಂಚ್', ನೆಲ ಅಗೆದು ಮಾಡಿದ ಕಂದಕ. ಅದರ ಮೂಲ ಹಳೆಯ ಫ್ರೆಂಚ್ ಭಾಷೆಯ 'ಕತ್ತರಿಸು' ಎಂಬ ಕ್ರಿಯಾಪದ. ಮೊನಚಾದ ಟೀಕೆಗೆ ಇಂಗ್ಲಿಷಿನವರು 'ಟ್ರೆಂಚಂಟ್' ಅನ್ನುವುದೂ ಅದೇ ಮನೆತನದ್ದು. ಚಳಿಗಾಲದ ಸೇಲ್‌ನಲ್ಲಿ ನಾವೆಲ್ಲ ಕಣ್ಣು ಹಾಕುವ ಟ್ರೆಂಚ್ ಕೋಟ್ ಕೂಡ ಮೊದಲ ಮಹಾಯುದ್ಧದ ಕಂದಕಗಳಿಂದಲೇ ಹೆಸರು ಪಡೆದಿದ್ದು. ಆದರೆ ಎಂಟ್ರೆಂಚ್ ಆ ಯುದ್ಧಕ್ಕಿಂತ ಬಹಳ ಹಳೆಯದು. ಹದಿನಾರನೇ ಶತಮಾನದಲ್ಲೇ ಸೈನ್ಯ ತನ್ನ ಸುತ್ತ ಕಂದಕ ತೋಡಿ ಭದ್ರವಾಗಿ ಕೂರುವುದಕ್ಕೆ ಈ ಪದ ಇತ್ತು. ಅಂದಮೇಲೆ ಇದರಲ್ಲಿ ಯಾವಾಗಲೂ ಇಬ್ಬರಿದ್ದಾರೆ: ಒಳಗೆ ಕೂತವನು, ಅವನನ್ನು ಎಬ್ಬಿಸಲು ಬಂದವನು. 'ಯಾರ ವಿರುದ್ಧ' ಅನ್ನೋ ಪ್ರಶ್ನೆ ಬಂದಿದ್ದು ಅಲ್ಲಿಂದ.

ನಮ್ಮ 'ಬೇರೂರು' ಹಾಗಲ್ಲ. ಅದು ಮರದಿಂದ ಬಂದ ಮಾತು. ಸಂಗೀತದ ಪರಂಪರೆ ಬೇರೂರುತ್ತೆ, ಭ್ರಷ್ಟಾಚಾರವೂ ಬೇರೂರುತ್ತೆ. ಪದ ಎರಡಕ್ಕೂ ಒಪ್ಪುತ್ತದೆ. ಎಂಟ್ರೆಂಚ್ಡ್ ಆದಮೇಲೆ ಸಾಮಾನ್ಯವಾಗಿ ಬರುವ ನಾಮಪದಗಳನ್ನು ನೋಡಿ: ಪಾವರ್ಟಿ, ಇನ್‌ಈಕ್ವಾಲಿಟಿ, ಪ್ರೆಜುಡಿಸ್, ಇಂಟರೆಸ್ಟ್ಸ್, ಪೊಸಿಷನ್ಸ್. ಕೀಳಬೇಕಾದದ್ದು, ಆದರೆ ಕಿತ್ತರೂ ಬರದೇ ಇರುವಂಥದ್ದು. ಎರಡು ದೇಶಗಳ ಮಾತುಕತೆಯಲ್ಲಿ ಯಾರೂ ಬಗ್ಗದಿದ್ದರೆ 'ಎಂಟ್ರೆಂಚ್ಡ್ ಪೊಸಿಷನ್ಸ್' ಅನ್ನುತ್ತಾರೆ.

ಇಲ್ಲಿ ಒಂದು ತಮಾಷೆ ಇದೆ. ಕಂದಕವನ್ನು ನಾವೂ ರೂಪಕ ಮಾಡಿಕೊಂಡಿದ್ದೇವೆ, ಆದರೆ ಬೇರೆ ಕಡೆಯಿಂದ. 'ಬಡವ ಶ್ರೀಮಂತರ ನಡುವಿನ ಕಂದಕ' ಎಂದಾಗ ನಮ್ಮ ಕಣ್ಣು ದಾಟಲಾಗದ ಅಂತರದ ಮೇಲಿರುತ್ತದೆ. ಇಂಗ್ಲಿಷಿನ ಕಣ್ಣು ಅದರೊಳಗೆ ಕೂತವನ ಮೇಲೆ. ಕೋಟೆಯ ಸುತ್ತಲಿನ ಕಂದಕ ನೋಡಿ ಬೆಳೆದವರಿಗೂ ಯುದ್ಧಭೂಮಿಯ ಕಂದಕ ನೋಡಿದವರಿಗೂ ಇರುವ ವ್ಯತ್ಯಾಸವೇ ಇದು? ನಮಗೆ ಹಾಗನ್ನಿಸುತ್ತೆ, ಸಾಬೀತು ಮಾಡಿ ಅಂದರೆ ಕಷ್ಟ.

ಹಾಗಾದರೆ ಈ ಪದ ಯಾವಾಗಲೂ ಬೈಗುಳವಾ? ಅಲ್ಲ. ಕಾನೂನಿನಲ್ಲಿ ಇದಕ್ಕೆ ಗೌರವದ ಜಾಗ ಇದೆ. ಮಾಮೂಲಿ ಬಹುಮತದಿಂದ ಅಳಿಸಲಾಗದಂತೆ ಒಂದು ಹಕ್ಕನ್ನು ಸಂವಿಧಾನದಲ್ಲಿ ಭದ್ರಪಡಿಸುವುದಕ್ಕೆ ಎಂಟ್ರೆಂಚ್ ಅನ್ನುತ್ತಾರೆ. ಕೆನಡಾದ 1982ರ ಹಕ್ಕುಗಳ ಚಾರ್ಟರ್ ಹಾಗೆ ಎಂಟ್ರೆಂಚ್ ಆಗಿದ್ದು. ಅದನ್ನು ತಿದ್ದಲು ಸಾಮಾನ್ಯವಾಗಿ ಸಂಸತ್ತಿನ ಜೊತೆಗೆ, ದೇಶದ ಜನಸಂಖ್ಯೆಯ ಕನಿಷ್ಠ ಅರ್ಧದಷ್ಟಿರುವ 7 ಪ್ರಾಂತ್ಯಗಳ ಒಪ್ಪಿಗೆ ಬೇಕು. ಬ್ರಿಟನ್ನಿನಲ್ಲಿ ಇದು ಕಷ್ಟ, ಯಾಕೆಂದರೆ ಇಂದಿನ ಪಾರ್ಲಿಮೆಂಟ್ ನಾಳಿನ ಪಾರ್ಲಿಮೆಂಟಿನ ಕೈ ಕಟ್ಟುವಂತಿಲ್ಲ ಎಂಬುದು ಅಲ್ಲಿನ ತತ್ವ. ಭಾರತದಲ್ಲಿ ತಿದ್ದುಪಡಿಗೆ 368ನೇ ವಿಧಿಯ ವಿಶೇಷ ಬಹುಮತ ಬೇಕು. ಅದಕ್ಕೂ ಮೇಲಿನ ಬೇಲಿ ಬಂದದ್ದು 1973ರಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 13 ನ್ಯಾಯಮೂರ್ತಿಗಳ ಪೀಠ 7–6ರ ಅಂತರದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದಿತು. ಗಡಿನಾಡಿನ ಕನ್ನಡ ಮಠವೊಂದರ ಹೆಸರು ಪ್ರಪಂಚದ ಲಾ ಸ್ಕೂಲುಗಳಲ್ಲಿ ಓಡಾಡುತ್ತಿರುವುದು ಇದರಿಂದಲೇ. ಗಮನಿಸಿ, ಇಲ್ಲೂ ಎಬ್ಬಿಸಲು ಬರುವವನಿದ್ದಾನೆ: ನಾಳೆ ಬರಬಹುದಾದ ಒಂದು ಬಹುಮತ.

ಎಂಜಿನಿಯರುಗಳಿಗೆ ಹತ್ತಿರದ ಉದಾಹರಣೆ ಬೇಕಾದರೆ ನಿಮ್ಮ ಲ್ಯಾಪ್‌ಟಾಪಿನ ಕೀಲಿಮಣೆ. ಕ್ವರ್ಟಿ ಜೋಡಣೆ 1870ರ ದಶಕದ ಟೈಪ್‌ರೈಟರಿನದು. 1936ರಲ್ಲಿ ಡ್ವೊರಾಕ್ ಜೋಡಣೆಗೆ ಪೇಟೆಂಟ್ ಸಿಕ್ಕರೂ ಹಳೆಯದು ಜಾಗ ಬಿಡಲಿಲ್ಲ. ಇದನ್ನು 'ಎಂಟ್ರೆಂಚ್ಡ್ ಸ್ಟ್ಯಾಂಡರ್ಡ್' ಅನ್ನಬಹುದು, ಧಾರಾಳವಾಗಿ. ಆದರೆ ಕಾಂಕ್ರೀಟಿನಲ್ಲಿ ಕೂರಿಸಿದ ಬೋಲ್ಟು ಎಂಟ್ರೆಂಚ್ ಆಗುವುದಿಲ್ಲ, ಅದು 'ಎಂಬೆಡೆಡ್' ಅಷ್ಟೇ. ಭೂವಿಜ್ಞಾನದವರು ಮಾತ್ರ ಪದವನ್ನು ಹೆಚ್ಚುಕಮ್ಮಿ ಅಕ್ಷರಶಃ ಬಳಸುತ್ತಾರೆ: ಅಂಕುಡೊಂಕಾಗಿ ಹರಿಯುತ್ತಲೇ ಬಂಡೆಯನ್ನು ಆಳವಾಗಿ ಕೊರೆದ ನದಿಗೆ 'ಎಂಟ್ರೆಂಚ್ಡ್ ಮಿಯಾಂಡರ್' ಎಂದು ಹೆಸರು. ಅಮೆರಿಕದ ಯೂಟಾದಲ್ಲಿ ಸ್ಯಾನ್ ವಾನ್ ನದಿ ಹೀಗೆ ಸುಮಾರು 300 ಮೀಟರ್ ಆಳಕ್ಕೆ ಇಳಿದಿದೆ.

ವ್ಯಾಕರಣ ಜಾಸ್ತಿ ಇಲ್ಲ. ಇದು ಸಾಮಾನ್ಯವಾಗಿ ಸಕರ್ಮಕ ಕ್ರಿಯಾಪದ, ಹೆಚ್ಚಾಗಿ ಕರ್ಮ ಬೇಕು. ಹೆಚ್ಚಾಗಿ ಕಾಣುವುದು 'ಎಂಟ್ರೆಂಚ್ಡ್' ಎಂಬ ವಿಶೇಷಣದ ರೂಪದಲ್ಲಿ, ಹಿಂದೆ 'ಡೀಪ್ಲಿ' ಅಥವಾ 'ಫರ್ಮ್ಲಿ', ಮುಂದೆ 'ಇನ್'. ಒಬ್ಬ ನಾಯಕ ಅಧಿಕಾರ ಬಿಡದೆ ಕೂತರೆ 'ಎಂಟ್ರೆಂಚ್ಡ್ ಹಿಮ್‌ಸೆಲ್ಫ್'. ಹಳೆಯ ಪುಸ್ತಕಗಳಲ್ಲಿ 'ಎಂಟ್ರೆಂಚ್ ಅಪಾನ್' ಸಿಕ್ಕರೆ ಬೆಚ್ಚಬೇಡಿ. ಅದರ ಅರ್ಥ ಇನ್ನೊಬ್ಬರ ಹಕ್ಕಿನ ಮೇಲೆ ಒತ್ತುವರಿ ಮಾಡುವುದು, ಈಗ ದಿನಬಳಕೆಯಲ್ಲಿ ಅಪರೂಪ.

ಥೀಸಿಸ್ ಬರೆಯುವವರಿಗೆ ಒಂದು ಮಾತು, ಇದರ ಸೋದರ ಪದದ ಬಗ್ಗೆ. 'ಎಸ್ಟಾಬ್ಲಿಷ್ಡ್ ದಟ್' ಎಂದರೆ ಸಾಬೀತಾಗಿದೆ ಎಂದೇ ಓದಿಕೊಳ್ಳುತ್ತಾರೆ. ಮೂರು ಸ್ಯಾಂಪಲ್ ಟೆಸ್ಟ್ ಮಾಡಿ ಹಾಗೆ ಬರೆದರೆ ವೈವಾದಲ್ಲಿ ಸಿಕ್ಕಿಬೀಳ್ತೀರಿ. 'ಸಜೆಸ್ಟ್ಸ್' ಸಾಕು.

ಅರ್ಜಿಯಲ್ಲಿ ನಾವು ಕೊನೆಗೆ 'ವೆಲ್ ಎಸ್ಟಾಬ್ಲಿಷ್ಡ್' ಎಂದು ತಿದ್ದಿದೆವು, ಹಣವೂ ಬಂತು. ಆದರೆ ಆ ಎರಡು ಪದಗಳು ನಮ್ಮನ್ನು ಬಿಡಲಿಲ್ಲ. ಮೂರು ವರ್ಷಗಳಿಂದ ಸಂಘದ ಸಮಿತಿಯಲ್ಲಿ ಅದೇ ಐದು ಜನ ಇದ್ದೆವು, ಐವರೂ ಎಂಜಿನಿಯರಿಂಗ್ ವಿಭಾಗದವರೇ. ಹೊಸದಾಗಿ ಬಂದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರು ಎರಡು ಮೀಟಿಂಗ್ ನೋಡಿ ಮೂರನೆಯದಕ್ಕೆ ಬರಲಿಲ್ಲ. ನಾವು ತಪ್ಪಾಗಿ ಬರೆದ ಪದ ನಮಗೆ ಸರಿಯಾಗಿಯೇ ಒಪ್ಪುತ್ತಿತ್ತೇನೋ.

ಈ ವರ್ಷ ಯಾರೂ ಎರಡು ಅವಧಿಗಿಂತ ಹೆಚ್ಚು ಪದಾಧಿಕಾರಿ ಆಗುವಂತಿಲ್ಲ ಎಂದು ನಿಯಮ ಮಾಡಿದ್ದೇವೆ. ಮುಂದಿನ ಸಮಿತಿ ಅದನ್ನು ಸುಲಭವಾಗಿ ತೆಗೆದುಹಾಕದಂತೆ, ಬದಲಿಸಲು ನಾಲ್ಕರಲ್ಲಿ ಮೂರು ಭಾಗ ಸದಸ್ಯರ ಮತ ಬೇಕು ಎಂಬ ಸಾಲನ್ನೂ ಸೇರಿಸಿದ್ದೇವೆ. ಆ ಸಾಲಿಗೆ ಇಂಗ್ಲಿಷ್ ಪ್ರತಿಯಲ್ಲಿ ಕೊಟ್ಟ ತಲೆಬರಹ 'ಎಂಟ್ರೆಂಚ್ಡ್ ಕ್ಲಾಸ್'. ಯೂನಿಯನ್‌ನಿಂದ ಈ ಸಲ ಏನೂ ಕಾಮೆಂಟ್ ಬರಲಿಲ್ಲ.