ಪಡಸಾಲೆಯ ಪಟ್ಟೆಯೆಲೆಯ ಗಿಡ



ಹಸಿರೆಲೆಯ ಮೇಲೆ ಬಿಳಿ ಪಟ್ಟೆ, ಮಚ್ಚೆಗಳುಳ್ಳ ಕುಂಡದ ಗಿಡವನ್ನು ಬೈರಿದೇವರಕೊಪ್ಪದ ಪಡಸಾಲೆಗಳಲ್ಲಿ ನೀವು ನೋಡಿರಬಹುದು. ಇದರ ಹೆಸರು ಡೈಫನ್‌ಬೇಕಿಯ. ತವರು ಅಮೇರಿಕ ಖಂಡದ ಉಷ್ಣವಲಯದ ಕಾಡು. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಗಿಡವಾದುದರಿಂದ ಮನೆಯೊಳಗೂ ಬಾಳುತ್ತದೆ.

ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದ್ದರಿಂದ ಅಲ್ಲಿ ಆಹಾರ ತಯಾರಾಗದು. ಆದಕಾರಣ ಗಿಡವನ್ನು ಕತ್ತಲೆ ಮೂಲೆಯಲ್ಲಿಡದೆ, ಬಿಸಿಲು ನೇರವಾಗಿ ತಾಗದಂತೆ ಕಿಟಕಿಯ ಹತ್ತಿರ ಇಡಿರಿ. ಬರಿಯ ಎರೆಮಣ್ಣು ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಕೆಂಪು ಮಣ್ಣು, ಮರಳು, ಕಳಿತ ಸಗಣಿಗೊಬ್ಬರಗಳನ್ನು ಸಮಪಾಲು ಬೆರೆಸಿರಿ. ಕುಂಡದ ತಳಕ್ಕೆ ತೂತು ಬೇಕು. ಮೇಲ್ಮಣ್ಣು ಒಂದು ಅಂಗುಲ ಒಣಗಿದ ಮೇಲೆಯೇ ನೀರು ಹಾಕಿರಿ.

ಇನ್ನು ಮುಖ್ಯ ಮಾತು. ಇದು ಕೆಸು, ಸುವರ್ಣಗಡ್ಡೆಗಳ ಕುಲದ ಗಿಡ. ಹಸಿ ಕೆಸು ನಾಲಿಗೆ ಕೆರೆಸುವುದನ್ನು ನೀವು ಬಲ್ಲಿರಿ. ಅದಕ್ಕೆ ಕಾರಣವಾದ, ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರಲ್ಲಿಯೂ ಇವೆ. ಮಗು ಎಲೆ ಅಗಿದರೆ ಬಾಯಿ ಉರಿದು, ನಾಲಿಗೆ ಬಾತು, ಮಾತೇ ಹೊರಡದಂತಾಗಬಹುದು. ದನಕರುಗಳಿಗೂ ಇದು ವಿಷವೇ. ಕುಂಡವನ್ನು ಮಕ್ಕಳ ಕೈಗೆ ಎಟುಕದಲ್ಲಿ ಇಡಿರಿ. ಕತ್ತರಿಸಿದ ಎಲೆಗಳನ್ನು ಗೋದಲಿಯ ಬಳಿ ಚೆಲ್ಲದೆ ಹೂಳಿರಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿರಿ.

ಮಗು ಎಲೆ ಅಗಿದರೆ ಚೂರುಗಳನ್ನು ತೆಗೆದು, ನೀರಿನಿಂದ ಬಾಯಿ ತೊಳೆಯಿರಿ. ವಾಂತಿ ಮಾಡಿಸಬಾರದು. ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.

ಕೂಸುಗಳಿರುವ ಮನೆಗೆ ಆಫ್ರಿಕದ ಸ್ಪೈಡರ್ ಗಿಡವೇ ಮೇಲು. ಅದಕ್ಕೂ ಬಿಳಿ ಪಟ್ಟೆಯುಂಟು, ವಿಷವಿಲ್ಲ; ಜೋತುಬಿದ್ದ ಮರಿಗಳನ್ನು ನೆಟ್ಟರೆ ಹೊಸ ಗಿಡಗಳಾಗುತ್ತವೆ. ಮನೆಯ ಅಂದಕ್ಕಿಂತ ಮಗುವಿನ ಕ್ಷೇಮ ದೊಡ್ಡದು.